ಅರ್ಧಕ್ಕೆ ನಿಂತ ಕಡ್ಡಿ

ತಾನೇ ನೀರು ಕುಡಿಯುವ ಕುಂಡ ನಮ್ಮ ಮನೆಗೆ ಬಂದದ್ದು ನನ್ನ ಮೇಲೆ ನಂಬಿಕೆ ಇಲ್ಲದ್ದಕ್ಕೆ. ಇದು ನಾನು ಊಹಿಸಿಕೊಂಡದ್ದಲ್ಲ, ನನ್ನ ಹೆಂಡತಿಯೇ ಬಾಯಿಬಿಟ್ಟು ಹೇಳಿದ್ದು. ಯುಗಾದಿ ರಜೆಗೆಂದು ಬೆಂಗಳೂರಿನಿಂದ ಬಂದವಳು ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು, ಇನ್ನೊಂದು ಕಂಕುಳಲ್ಲಿ ಬಿಳಿಯ ಪ್ಲಾಸ್ಟಿಕ್ ಕುಂಡ. ಅದರಲ್ಲೊಂದು ಗಿಡ, ಗಿಡಕ್ಕೆ ಬಿಸಿಲು ತಾಗದಂತೆ ಸುತ್ತಿದ ಹಳೆಯ ವೇಲು. ನಾನು ಎರಡೂ ಕೈ ಚಾಚಿದೆ. ಚೀಲ ಕೊಟ್ಟಳು, ಕುಂಡ ಕೊಡಲಿಲ್ಲ.

“ಬೀಳಿಸ್ಬಿಡ್ತೀರಾ,” ಎಂದಳು.

ನಾನು ಆಂಧ್ರ ಗಡಿಯ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರ. ಉದ್ದನೆಯ ಮೇಜಿನ ಮೇಲೆ ಪದರದ ಮೇಲೆ ಪದರ ಬಟ್ಟೆ ಹಾಸಿ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಒಂದು ನೂಲಿನಷ್ಟು ವ್ಯತ್ಯಾಸ ಬಾರದಂತೆ ಕತ್ತರಿಸುವ ಕೈ ಇದು. ಇಂಥ ಕೈಯಿಂದ ಕುಂಡ ಬೀಳುತ್ತದಂತೆ. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ನಾನು ಮುಖ ಊದಿಸಿಕೊಂಡೇ ನಡೆದೆ. ಅವಳು ಅದನ್ನು ನೋಡಲೂ ಇಲ್ಲ, ಗಿಡ ನೋಡುತ್ತಾ ಬಂದಳು.

ಅವಳ ತವರು ಮಡಕಶಿರಾ ಕಡೆ, ಅಮರಾಪುರದ ಹತ್ತಿರದ ಒಂದು ಹಳ್ಳಿ. ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ, ನಮ್ಮಲ್ಲಿ ಜೀನ್ಸ್ ಹೊಲಿಗೆಗೆ ಕೆಲಸ ಕಡಿಮೆಯಾದಾಗ, ತವರಿನ ಹೆಂಗಸರ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ನನ್ನ ಕಟಿಂಗ್ ಕೆಲಸ ನಿಂತಿರಲಿಲ್ಲವಾದ್ದರಿಂದ ನಾನು ಇಲ್ಲೇ ಉಳಿದೆ. ಎರಡು ವರ್ಷ ಎಂದು ಹೋದವಳು. ನಾನು ಹೇಳುತ್ತಿರುವುದು ನಾಲ್ಕನೆಯ ಯುಗಾದಿಯ ಮಾತು.

ಗಿಡ ಸಿಕ್ಕದ್ದು ಅವಳ ಕಾರ್ಖಾನೆಯ ಕಸದಲ್ಲಿ. ಮುಂದಿನ ಆಫೀಸಿನಲ್ಲಿ ಏಸಿಯ ತಂಪಿಗೆ ಬೆಳೆಯುವ ದೊಡ್ಡ ಎಲೆಯ ಗಿಡಗಳಿದ್ದವಂತೆ, ಎಲ್ಲೋ ಮಳೆಕಾಡಿನ ಮೂಲದವು. ಅತಿಯಾಗಿ ಬೆಳೆದದ್ದನ್ನು ಕತ್ತರಿಸಿ ಎಸೆದಾಗ ಒಂದು ತುಂಡನ್ನು ಎತ್ತಿಕೊಂಡು ಬಂದು, ನೀರಿನ ಬಾಟಲಿಯಲ್ಲಿಟ್ಟು ಬೇರು ಬರಿಸಿದ್ದಳು. ಎಲೆಯ ತುಂಬ ಉದ್ದುದ್ದ ಸೀಳು, ನಡುನಡುವೆ ತೂತು. ಹೆಸರು ಹೇಳಿದಳು, ನನ್ನ ನಾಲಿಗೆಯಲ್ಲಿ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಅದು ತೂತೆಲೆ ಗಿಡವಾಯಿತು. ಬೆಂಗಳೂರಿನ ರೂಮಿನಲ್ಲಿ ಮೂವರು ಹೆಂಗಸರು, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಅಲ್ಲಿ ಬೆಳಕೇ ಬರುವುದಿಲ್ಲ, ಅದಕ್ಕೇ ಇಲ್ಲಿಗೆ ತಂದೆ ಎಂದಳು. ಸರಿ, ರಾಯದುರ್ಗದಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಬೆಳಕಿಗೆ ಬಂದಿಲ್ಲ.

ಪಡಸಾಲೆಯ ಬಾಗಿಲ ಪಕ್ಕ, ನೇರ ಬಿಸಿಲು ಬೀಳದ ಕಡೆ ಕುಂಡ ಇಟ್ಟು ನನಗೆ ಪಾಠ ಶುರುಮಾಡಿದಳು. ಅದು ಒಂದರೊಳಗೊಂದು ಎರಡು ಕುಂಡ. ಒಳಗಿನದರಲ್ಲಿ ಮಣ್ಣು ಮತ್ತು ಗಿಡ, ಹೊರಗಿನದರ ತಳದಲ್ಲಿ ನೀರು. ಮಣ್ಣಿನಿಂದ ನೀರಿಗೆ ಇಳಿಬಿದ್ದ ಒಂದು ಬಿಳಿಯ ಬತ್ತಿ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇದು ನೀರು ಎಳೆದು ಮಣ್ಣಿಗೆ ಕೊಡುತ್ತದೆ, ಗಿಡ ತನಗೆ ಬೇಕಾದಷ್ಟು ಕುಡಿಯುತ್ತದೆ. ಕುಂಡದ ಅಂಚಿನಲ್ಲಿ ಕೆಂಪು ತಲೆಯ ಒಂದು ಕಡ್ಡಿ. ತಳದಲ್ಲಿ ನೀರು ಎಷ್ಟಿದೆಯೋ ಅಷ್ಟು ಎತ್ತರಕ್ಕೆ ಅದು ತೇಲಿ ನಿಲ್ಲುತ್ತದೆ. ಕಡ್ಡಿ ಕೆಳಗಿನ ಗೆರೆಗೆ ಇಳಿದಾಗ ಮಾತ್ರ ನೀರು ತುಂಬಿಸಬೇಕು. ಹದಿನೈದು ದಿನಕ್ಕೊಮ್ಮೆ ಸಾಕು.

“ದಿನಾ ಒಂದು ಚೆಂಬು ನೀರು ಹಾಕಾಕ ನನಗೇನು ಕೈ ಬಿದ್ದಾವ?” ಎಂದೆ.

“ತುಳಸಿ ಏನಾಯ್ತು?” ಎಂದಳು.

ನಾನು ಕುಂಡದ ಅಂಚು ಒರೆಸತೊಡಗಿದೆ.

“ಕರಿಬೇವು?”

ಅವಳು ಹೋದ ಮೊದಲ ಬೇಸಿಗೆಯಲ್ಲೇ ಎರಡೂ ಒಣಗಿದ್ದವು. ನಾನು ಮರೆತಿದ್ದೆ, ಅಷ್ಟೇ. ಮರೆಯುವುದೇನು ಮಹಾ ಅಪರಾಧವೇ? ಬೆಳಿಗ್ಗೆ ಯೂನಿಟ್ಟಿಗೆ ಹೋದವನು ಕತ್ತಲಾಗುವಾಗ ಬರುತ್ತಿದ್ದೆ, ನಮ್ಮ ಓಣಿಗೆ ನಲ್ಲಿ ನೀರು ಬರುತ್ತಿದ್ದದ್ದು ನಾಲ್ಕೈದು ದಿನಕ್ಕೊಮ್ಮೆ. ಆದರೆ ಇವೆಲ್ಲ ಅವಳ ಮುಂದೆ ನಡೆಯುವ ಮಾತಲ್ಲ.

ವಾಪಸು ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು: “ಇದು ಇಲ್ಲಿ ದಸರಾ ಗಂಟ ಬದುಕಿದ್ರೆ ನಾನೂ ಬಂದ್ಬಿಡ್ತೀನಿ ಕಣ್ರೀ. ಪೂರ್ತಿಯಾಗಿ.”

ನಗುತ್ತಲೇ ಹೇಳಿದಳು. ನಾನು ನಗಲಿಲ್ಲ. ನಾಲ್ಕು ವರ್ಷ ಒಬ್ಬನೇ ಅನ್ನ ಬೇಯಿಸಿಕೊಂಡು ಉಂಡವನಿಗೆ ಅದು ತಮಾಷೆಯಾಗಿ ಕೇಳಿಸುವುದಿಲ್ಲ. ಬಸ್ಸು ಹೋದ ಮೇಲೆ ನೇರ ಮನೆಗೆ ಬಂದು ಆ ಕಡ್ಡಿ ನೋಡಿದೆ. ಮೇಲಿನ ಗೆರೆಗೆ ಇತ್ತು.

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಮೊದಲ ಶತ್ರು ಪಕ್ಕದ ಮನೆಯ ದೊಡ್ಡವ್ವ. ನನಗೆ ಬಂಧುವಲ್ಲ, ಆದರೆ ಎಲ್ಲರೂ ಕರೆಯುವ ಹಾಗೆ ನಾನೂ ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಅರ್ಧ ಆಯುಷ್ಯ ಕುರಿಯ ಹಿಂದೆ ನಡೆದವಳು, ಈಗ ಕೂತು ಮಾಡುವ ಕೆಲಸಕ್ಕೆ ಬಂದಿದ್ದಳು. ನಮ್ಮ ಪಡಸಾಲೆ ತಂಪೆಂದು, ಹೊಲಿದು ಬಂದ ಪ್ಯಾಂಟುಗಳ ಗಂಟು ತಂದು ಹಾಕಿಕೊಂಡು ಹಗಲೆಲ್ಲ ದಾರದ ತುದಿ ಕತ್ತರಿಸುತ್ತಾ ಕೂರುತ್ತಿದ್ದಳು. ಹಗಲು ಕೀಲಿಕೈ ಅವಳ ಹತ್ತಿರವೇ ಇರುತ್ತಿತ್ತು. ಅವಳ ಜೊತೆ ಓಣಿಯ ಇನ್ನೂ ಇಬ್ಬರು ಮೂವರು ಬರುತ್ತಿದ್ದರು. ಬಂದವರಿಗೆ ನೀರು ಕೊಡುವುದು ನಮ್ಮ ಕಡೆಯ ಮೊದಲ ಮರ್ಯಾದೆ. ಚೆಂಬಿನಲ್ಲಿ ಕೊಡುತ್ತೇವೆ, ಯಾರೂ ಪೂರ್ತಿ ಕುಡಿಯುವುದಿಲ್ಲ. ಉಳಿದದ್ದನ್ನು ಎಲ್ಲಿ ಬೇಕಲ್ಲಿ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಹೊಸಿಲ ಹತ್ತಿರವೇ ಗಿಡವೊಂದು ಕೈಗೆಟುಕುವಾಗ ಯಾರು ಅಂಗಳಕ್ಕೆ ಇಳಿಯುತ್ತಾರೆ?

ನಾನು ಸಂಜೆ ಬರುವಷ್ಟರಲ್ಲಿ ಕುಂಡದ ಮಣ್ಣು ಅಂಬಲಿಯಾಗಿರುತ್ತಿತ್ತು. ಕೆಂಪು ತಲೆಯ ಕಡ್ಡಿ ಮೇಲಿನ ಗೆರೆಯನ್ನೂ ದಾಟಿ ನನ್ನನ್ನೇ ಅಣಕಿಸುವಂತೆ ನಿಂತಿರುತ್ತಿತ್ತು. ಎಲೆಗಳು ಹಳದಿಯಾದವು. ತಳದ ನೀರಿನಲ್ಲಿ ಸೊಳ್ಳೆ ಮರಿ ಹಾಕಿತು. ನೀರಿಗೆ ಬಾಯಿ ಬಾಯಿ ಬಿಡುವ ಊರಿನಲ್ಲಿ ಒಂದು ಗಿಡ ನೀರು ಹೆಚ್ಚಾಗಿ ಸಾಯುತ್ತಿದೆ ಎಂದರೆ ಯಾರು ನಂಬುತ್ತಾರೆ? ದೊಡ್ಡವ್ವನಿಗೆ ಹೇಳಿ ನೋಡಿದೆ.

“ದೊಡ್ಡವ್ವ, ಇದಕ ಮ್ಯಾಲೆ ನೀರು ಹಾಕಬ್ಯಾಡ. ಇದು ಕೆಳಗಿಂದ ತಾನೇ ಕುಡೀತೈತಿ.”

“ಅಯ್ಯ, ಉಳಿದ ನೀರು ಚೆಲ್ಲಿದ್ರ ಪಾಪ ಬರತೈತಪ್ಪಾ. ಗಿಡಕ್ಕ ಹಾಕಿದ್ರ ಪುಣ್ಯ.”

“ನಿನ್ನ ಪುಣ್ಯಕ್ಕ ನನ್ನ ಗಿಡ ಕೊಳೀಲಿಕ್ಕೆ ಹತ್ತೈತಿ.”

“ನೀರು ಕುಡಿದು ಯಾವ ಗಿಡ ಸತ್ತೈತಿ? ಹೇಳಿದ್ರ ನಗ್ತಾರ.”

ನಕ್ಕರು ಕೂಡ. ನಾನು ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ‘ಈ ಗಿಡಕ್ಕೆ ನೀರು ಹಾಕಬಾರದು’ ಎಂದು ಬರೆದು ತೂಗುಹಾಕಿದೆ. ಓಣಿಯವರು ಅದನ್ನು ಓದಲೆಂದೇ ಬಂದರು, ಬಂದವರಿಗೆ ದೊಡ್ಡವ್ವ ನೀರು ಕೊಟ್ಟಳು, ಉಳಿದದ್ದು ಎಲ್ಲಿಗೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ. ದೊಡ್ಡವ್ವನಿಗೆ ಎರಡೂ ಲಿಪಿ ಬರುವುದಿಲ್ಲ. ಓದಲು ಬರುವವರು ಅದನ್ನು ನನ್ನ ಜಿಪುಣತನ ಎಂದುಕೊಂಡರು. ಯೂನಿಟ್ಟಿನಲ್ಲಿ ಸಹ ಒಬ್ಬ ಕೇಳಿದ: “ಏನ್ರಿ ಮಾಸ್ತರ, ಗಿಡಕ್ಕ ಉಪವಾಸ ಹಾಕೀರಂತ?”

ಇಷ್ಟರ ಮೇಲೆ ದಿನಾ ಸಂಜೆ ಫೋನು. ನನ್ನದು ಗುಂಡಿ ಒತ್ತುವ ಫೋನು, ಫೋಟೋ ಕಳಿಸುವ ಮಾತಿಲ್ಲ. ಕಾರ್ಖಾನೆ ಬಿಟ್ಟು ರೂಮಿಗೆ ನಡೆಯುವ ದಾರಿಯಲ್ಲಿ, ಬಸ್ಸು ಆಟೋಗಳ ಗದ್ದಲದ ನಡುವೆ ಅವಳ ಮೊದಲ ಪ್ರಶ್ನೆ ಒಂದೇ.

“ಕಡ್ಡಿ ಎಲ್ಲೈತೆ?”

ಗಂಡ ಹೇಗಿದ್ದಾನೆ ಎಂದಲ್ಲ. ಕಡ್ಡಿ ಎಲ್ಲಿದೆ ಎಂದು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳುತ್ತಿದ್ದೆ. ಆಮೇಲೆ ನಾನು, “ಊಟ ಆತಾ?” ಎಂದು ಕೇಳುತ್ತಿದ್ದೆ. “ಆಯ್ತು. ಚೆನ್ನಾಗಿದೀನಿ.” ಇಷ್ಟಕ್ಕೆ ಮುಗಿಯುತ್ತಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಕುಂಡವನ್ನು ಪೂರ್ತಿ ಬಿಚ್ಚಿದೆ. ಬತ್ತಿ ಕಪ್ಪಗೆ ಕೊಳೆತು ನಾರುತ್ತಿತ್ತು. ಎಸೆದೆ. ಮಣ್ಣು ಹರಡಿ ಆರಿಸಿ, ಕೊಳೆತ ಬೇರು ಸವರಿ, ಮತ್ತೆ ನೆಟ್ಟೆ. ಬತ್ತಿಗೆ ಏನು ಮಾಡುವುದು? ಇಷ್ಟು ವರ್ಷ ಬಟ್ಟೆಯಲ್ಲೇ ಬದುಕಿದವನಿಗೆ ಬತ್ತಿ ಕೊಳ್ಳುವ ಗತಿಯೇ? ಯೂನಿಟ್ಟಿನಲ್ಲಿ ಅಂದು ಹೊಸ ಥಾನು ಬಂದಿತ್ತು, ಗಟ್ಟಿ ಜೀನ್ಸ್, ಕೈಯಲ್ಲಿ ಹಿಡಿದರೆ ರಟ್ಟಿನಂತೆ ನಿಲ್ಲುವ ಮಾಲು. ಕಟಿಂಗಿನಲ್ಲಿ ಉಳಿದ ತುಂಡಿನಿಂದ ಒಂದು ಪಟ್ಟಿ ಕತ್ತರಿಸಿ, ನಾಲ್ಕು ಮಡಿಕೆ ಮಡಿಚಿ, ಪ್ಯಾಂಟಿನ ಬೆಲ್ಟ್ ಪಟ್ಟಿ ಹೊಲಿಯುವ ಹಾಗೆ ಎರಡೂ ಅಂಚಿಗೆ ಹೊಲಿಗೆ ಹಾಕಿದೆ. ಅಂಥ ಬತ್ತಿ ಪ್ರಪಂಚದ ಯಾವ ಕುಂಡಕ್ಕೂ ಇರಲಿಕ್ಕಿಲ್ಲ. ಆನೆ ಕಟ್ಟಿದರೂ ಕಿತ್ತುಹೋಗುವಂತಿರಲಿಲ್ಲ.

ಅಷ್ಟಕ್ಕೆ ಬಿಡಲಿಲ್ಲ. ದೊಡ್ಡವ್ವನ ಪುಣ್ಯಕ್ಕೂ ಒಂದು ಕೊನೆ ಕಾಣಿಸಬೇಕಿತ್ತಲ್ಲ. ಅದೇ ಬಟ್ಟೆಯಲ್ಲಿ ಕುಂಡದ ಬಾಯಿಗೆ ದುಂಡನೆಯ ಮುಚ್ಚಳ ಕತ್ತರಿಸಿದೆ. ನಡುವೆ ಕಾಂಡ ಹಿಡಿಸುವಷ್ಟು ತೂತು, ಸುತ್ತ ಎಲಾಸ್ಟಿಕ್, ಹಿಂದೆ ಒಂದು ಗುಂಡಿ. ಗುಂಡಿ ಹಾಕಿದರೆ ಮಣ್ಣಿನ ಒಂದು ಚೂರೂ ಕಾಣದು. ಮೇಲೆ ನೀರು ಹೊಯ್ದರೆ ಬಟ್ಟೆಯ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಎಷ್ಟು ಹೆಮ್ಮೆಪಟ್ಟೆನೆಂದರೆ ಅದನ್ನು ತೋರಿಸಲು ದೊಡ್ಡವ್ವನನ್ನು ಕೂಗಿ ಕರೆದೆ.

“ಗಿಡಕ್ಕ ಪ್ಯಾಂಟು ಹೊಲಿದಿಯೇನಪ್ಪಾ,” ಎಂದಳು. ನಗಲಿಲ್ಲ. ಚೆಂಬಿನಲ್ಲಿದ್ದ ನೀರು ತೆಗೆದುಕೊಂಡು ಅಂಗಳಕ್ಕೆ ಇಳಿದು ಹೋಗಿ, ಅಲ್ಲಿ ಗಿಡವೇ ಇಲ್ಲದ ಒಣ ನೆಲಕ್ಕೆ ಹೊಯ್ದು ಬಂದಳು.

ತಳಕ್ಕೆ ಅರ್ಧದಷ್ಟು ನೀರು ತುಂಬಿಸಿದೆ. ಕಡ್ಡಿ ನಡುವಿನ ಗೆರೆಗೆ ನಿಂತಿತು. ಮರುದಿನ ನೋಡಿದೆ, ಅರ್ಧ. ಮೂರು ದಿನ ಬಿಟ್ಟು ನೋಡಿದೆ, ಅರ್ಧ. ನನಗೆ ಪರಮ ಸಂತೋಷವಾಯಿತು. ನೀರು ಹೆಚ್ಚೂ ಆಗುತ್ತಿಲ್ಲ, ಕಡಿಮೆಯೂ ಆಗುತ್ತಿಲ್ಲ. ಕೊನೆಗೂ ಈ ಕುಂಡ ನನ್ನ ಮಾತು ಕೇಳುತ್ತಿದೆ ಎಂದುಕೊಂಡೆ.

“ಕಡ್ಡಿ ಎಲ್ಲೈತೆ?”

“ಅರ್ಧಕ್ಕೈತಿ.”

“ಊಟ ಆತಾ?” ಇದು ನಾನು.

“ಆಯ್ತು. ಚೆನ್ನಾಗಿದೀನಿ.”

ವಾರ ಕಳೆಯಿತು, ಎರಡು ವಾರ ಕಳೆಯಿತು. ಆಷಾಢದ ಗಾಳಿ ಎದ್ದಿತು. ನಮ್ಮ ಕಡೆ ಆ ಗಾಳಿ ಮಳೆ ತರುವುದಿಲ್ಲ, ಇದ್ದ ಹಸಿಯನ್ನೂ ಹೀರಿಕೊಂಡು ಹೋಗುತ್ತದೆ. ಗಿಡದ ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿ ಒಳಕ್ಕೆ ಸುರುಳಿ ಸುತ್ತಿದವು. ಹೊಸದಾಗಿ ಬಿಚ್ಚಿಕೊಳ್ಳಬೇಕಿದ್ದ ಎಲೆ ಹಾಗೇ ಕಡ್ಡಿಯಂತೆ ಒಣಗಿ ನಿಂತಿತು. ನಾನು ಹೋಗಿ ಕೆಂಪು ತಲೆಯ ಕಡ್ಡಿ ನೋಡುತ್ತಿದ್ದೆ. ಅರ್ಧಕ್ಕಿದೆಯಲ್ಲ, ಮತ್ತೇನು? ಹಿಂದೆ ಕುಡಿದ ಹೆಚ್ಚಿನ ನೀರೇ ಈಗ ಕಾಡುತ್ತಿದೆ ಎಂದು ತೀರ್ಮಾನಿಸಿ, ಗಾಳಿ ತಾಗದಂತೆ ಕುಂಡವನ್ನು ಒಳಗೆ ಸರಿಸಿದೆ.

ದೊಡ್ಡವ್ವ ಕತ್ತರಿ ಕೆಳಗಿಟ್ಟು ಹೇಳಿದಳು: “ಅದಕ ನೀರಡಿಸೈತಪ್ಪಾ.”

“ನೀರು ಐತಿ ದೊಡ್ಡವ್ವ. ಕಡ್ಡಿ ನೋಡು, ಅರ್ಧಕ್ಕೈತಿ.”

“ನಾ ಕಡ್ಡಿ ನೋಡಾಕಿ ಅಲ್ಲ. ಕುರಿ ನೀರಡಿಸಿದ್ದು ನೋಡೀನಿ, ಮಂದಿ ನೀರಡಿಸಿದ್ದು ನೋಡೀನಿ. ಗಿಡದ ಮಾರಿ ನೋಡು.”

“ನಿನಗ ಇದು ತಿಳಿಯಂಗಿಲ್ಲ. ಇದು ಬ್ಯಾರೆ ನಮೂನಿ ಕುಂಡ.”

ಹೀಗೆಂದದ್ದು ನಾನೇ, ಇದೇ ಬಾಯಿಂದ. ಅವಳು ಮತ್ತೆ ಕತ್ತರಿ ಎತ್ತಿಕೊಂಡು ದಾರ ಕತ್ತರಿಸತೊಡಗಿದಳು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಒಂದು ಸಂಜೆ ಫೋನಿನಲ್ಲಿ ನಾನು ಜಂಬ ಕೊಚ್ಚಿಕೊಂಡೆ. “ಇಪ್ಪತ್ತೈದು ದಿನ ಆತು ನೋಡು, ಒಂದು ಹನಿ ನೀರು ಹಾಕಿಲ್ಲ. ಇನ್ನೂ ಅರ್ಧಕ್ಕೇ ಐತಿ.”

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು.

“ಅದೆಂಗ್ರೀ ಅಲ್ಲೇ ನಿಂತ್ಕಂತದೆ?” ಎಂದಳು. “ಗಿಡ ಕುಡಿದ್ರೆ ಇಳೀಬೇಕಲ್ವಾ?”

ನಾನು ಫೋನು ಕಿವಿಗಿಟ್ಟುಕೊಂಡೇ ಗುಂಡಿ ಬಿಚ್ಚಿ ಮುಚ್ಚಳ ತೆಗೆದೆ. ಮಣ್ಣಿಗೆ ಬೆರಳು ಇಳಿಯಲಿಲ್ಲ. ಒಳಗಿನ ಕುಂಡ ಎತ್ತಿದರೆ ಖಾಲಿ ಬುಟ್ಟಿಯಷ್ಟು ಹಗುರ. ಕೆಳಗೆ ಇಳಿಬಿದ್ದ ನನ್ನ ಬತ್ತಿ ನೀರಿನಲ್ಲಿ ಮುಳುಗಿದ್ದಷ್ಟು ಕಪ್ಪಾಗಿತ್ತು, ಅದರ ಮೇಲೆ ಒಂದು ಬೆರಳಿನಷ್ಟು ತೇವ. ಅಲ್ಲಿಂದಾಚೆ ಥಾನಿನಿಂದ ಕತ್ತರಿಸಿದಾಗ ಹೇಗಿತ್ತೋ ಹಾಗೇ, ಗರಿಗರಿ.

“ಏನಾಗೈತೆ? ರೀ?”

“ಏನಿಲ್ಲ, ಬತ್ತಿ ಸ್ವಲ್ಪ... ನೋಡ್ತೀನಿ,” ಎಂದೆ. “ನಿನಗ ಊಟ ಆತಾ?”

“ಆಯ್ತು.”

ಮರುದಿನ ಆ ಬತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ನಮ್ಮ ಮಾಲು ತೊಳೆಯುವ ವಾಷಿಂಗಿನವನಿಗೆ ತೋರಿಸಿದೆ. ಅವನು ಅದನ್ನು ಎರಡು ಬೆರಳಿನಲ್ಲಿ ಉಜ್ಜಿದ, ನನ್ನ ಮುಖ ನೋಡಿದ, ಆಮೇಲೆ ನಗಲು ಶುರುಮಾಡಿದ.

“ಮಾಸ್ತರ, ಕೋರಾ ಬಟ್ಟಿ ಇದು. ಗಂಜಿ ಬಿಡದ ಬಟ್ಟಿ ನೀರು ಕುಡೀತೈತೇನ್ರಿ? ಹಂಗ ಕುಡಿಯೋದಾಗಿದ್ರ ನಾವ್ಯಾಕ ಇಲ್ಲಿ ನೀರಾಗ ನಿಂದರ್ತಿದ್ವಿ?”

ಇದು ನನಗೆ ಗೊತ್ತಿಲ್ಲದ ವಿಷಯವೇ? ಹೊಸ ಜೀನ್ಸ್ ಬಟ್ಟೆಯ ನೂಲಿಗೆ ಗಂಜಿ ಹಾಕಿರುತ್ತಾರೆ, ನೀರು ಬಿದ್ದರೆ ಹನಿಹನಿಯಾಗಿ ಜಾರುತ್ತದೆ, ತೊಳೆದು ಗಂಜಿ ಬಿಡಿಸಿದ ಮೇಲೇ ಅದು ಬಟ್ಟೆ. ನನ್ನ ಮೇಜಿನ ಮೇಲೆ ಎಷ್ಟು ಸಲ ಚಹಾ ಚೆಲ್ಲಿದೆ, ಎಷ್ಟು ಸಲ ನಾನೇ ಕೊಡವಿ ಒರೆಸಿದ್ದೇನೆ. ಹಳೆಯ ಪ್ಯಾಂಟಿನ ತುಂಡೊಂದನ್ನು ಇಟ್ಟಿದ್ದರೆ ಸಾಕಿತ್ತು. ಆದರೆ ನಮ್ಮಂಥವರ ಕಣ್ಣಿಗೆ ಹಳೆಯದು ಚಿಂದಿ, ಹೊಸದೇ ಮಾಲು. ಒಳ್ಳೆಯದನ್ನೇ ಇಡಬೇಕೆಂದು ಹೋಗಿ, ಮೇಲಿಂದ ಬರುವ ನೀರನ್ನು ಮುಚ್ಚಳ ಹೊಲಿದು ತಡೆದೆ, ಕೆಳಗಿಂದ ಬರುವುದನ್ನು ಬತ್ತಿ ಹೊಲಿದು ತಡೆದೆ. ಎರಡಕ್ಕೂ ಡಬಲ್ ಹೊಲಿಗೆ!

ಸಂಜೆ ಮನೆಗೆ ಬಂದು ರಟ್ಟು ಹರಿದು ಹಾಕಿದೆ. ಎಲೆಗಳೆಲ್ಲ ಹೋಗಿದ್ದವು. ಕಾಂಡವನ್ನು ಉಗುರಿನಿಂದ ಕೆರೆದರೆ ಬುಡದ ಹತ್ತಿರ ಒಂದು ಗೆಣ್ಣಿನಷ್ಟು ಹಸಿರು ಕಂಡ ಹಾಗಾಯಿತು, ಅದು ನನ್ನ ಆಸೆಯೂ ಇರಬಹುದು. ದಸರೆಯ ಮಾತು ಮುಗಿಯಿತು ಎಂದುಕೊಂಡೆ. ಅವಳು ಬರುವುದಿಲ್ಲ. ಬರಲು ಒಂದು ನೆವ ಕೊಟ್ಟು ಹೋಗಿದ್ದಳು, ಅದನ್ನೂ ಉಳಿಸಿಕೊಳ್ಳಲಾಗಲಿಲ್ಲ ನನ್ನ ಕೈಲಿ.

ದೊಡ್ಡವ್ವ ಪ್ಯಾಂಟುಗಳ ಗಂಟು ಕಟ್ಟುತ್ತಿದ್ದಳು. “ಹೇಳಿದ್ದೆನಲ್ಲ” ಎಂದು ಅಂದೇ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಬೇರೆಯೇ ಕೇಳಿದಳು.

“ಸೊಸಿ ಹೆಂಗದಾಳಪ್ಪಾ?” ನನ್ನ ಹೆಂಡತಿಯನ್ನು ಅವಳು ಸೊಸಿ ಎಂದೇ ಕರೆಯುವುದು.

“ಚೊಲೋ ಅದಾಳ.”

“ಯಾರು ಹೇಳಿದ್ರು?”

“ಆಕಿನೇ ಹೇಳ್ತಾಳ. ದಿನಾ ಹೇಳ್ತಾಳ.”

“ದಿನಾ ಅದನ್ನೇ ಹೇಳ್ತಾಳೇನು?”

“ಹೂಂ.”

ಅವಳು ಗಂಟನ್ನು ತಲೆಯ ಮೇಲೆ ಎತ್ತಿಕೊಂಡಳು. “ನಿನ್ನ ಕಡ್ಡಿನೂ ದಿನಾ ಅದನ್ನೇ ಹೇಳ್ತಿತ್ತು,” ಎಂದು ಹೊಸಿಲು ದಾಟಿ ಹೋದಳು.

ನನಗೆ ಮೊದಲು ಸಿಟ್ಟು ಬಂತು. ಮುದುಕಿಗೆ ಮಾತು ಹೆಚ್ಚಾಯಿತು ಎಂದುಕೊಂಡೆ. ಆಮೇಲೆ ಕೂತಲ್ಲೇ ಲೆಕ್ಕ ಹಾಕತೊಡಗಿದೆ. ಯುಗಾದಿಯಿಂದ ಈಚೆಗೆ ನನ್ನ ಹೆಂಡತಿ ಒಂದು ದಿನವಾದರೂ ತಲೆನೋವು ಎಂದಳೇ? ಜಗಳವಾಯಿತು, ಬೈದರು, ಸಾಕಾಯಿತು ಎಂದಳೇ? ಮೊದಲೆಲ್ಲ ಅನ್ನುತ್ತಿದ್ದಳು. ಆಯ್ತು, ಚೆನ್ನಾಗಿದೀನಿ. ಆಯ್ತು, ಚೆನ್ನಾಗಿದೀನಿ. ಕೇಳಿದ ನಾನೂ ಅಷ್ಟಕ್ಕೇ ತೃಪ್ತನಾಗಿ ಫೋನು ಇಡುತ್ತಿದ್ದೆ. ಹೆದರಿಕೆಯಾಯಿತು. ಫೋನು ಮಾಡಿ ಕೇಳಬಹುದಿತ್ತು, ಆದರೆ ಏನು ಹೇಳುತ್ತಾಳೆಂದು ಗೊತ್ತಿತ್ತಲ್ಲ.

ಬೆಳಿಗ್ಗೆ ಕೀಲಿಕೈಯನ್ನು ದೊಡ್ಡವ್ವನ ಕೈಗೆ ಕೊಟ್ಟು, “ಅದಕ ನೀರು ಹಾಕು,” ಎಂದೆ.

“ಮ್ಯಾಲಿಂದಾ, ಕೆಳಗಿಂದಾ?” ಎಂದಳು.

ಅವಳ ಹಾಗೆ ಚುಚ್ಚಲು ಓದುಬರಹ ಬೇಕಿಲ್ಲ. ಅಲ್ಲಿಂದ ನೇರ ಬೆಂಗಳೂರಿನ ಬಸ್ಸು ಹತ್ತಿದೆ.

ಸಂಜೆ ಕಾರ್ಖಾನೆಯ ಗೇಟಿನ ಎದುರು ನಿಂತೆ. ಗಂಟೆಯಾದ ಕೂಡಲೇ ಹೆಂಗಸರು ಹೊಳೆಯಂತೆ ಬಂದರು. ನಾನು ಮುಖ ಹುಡುಕುವವನಲ್ಲ, ಅಳತೆ ಹುಡುಕುವವನು. ಭುಜ ಇಷ್ಟು, ತೋಳು ಇಷ್ಟು ಎಂದು ದೂರದಿಂದಲೇ ಗುರುತಿಸುತ್ತೇನೆ. ಅರ್ಧ ಜನ ಹೋದರು, ಮುಕ್ಕಾಲು ಜನ ಹೋದರು, ಆ ಅಳತೆಯವಳು ಬರಲೇ ಇಲ್ಲ.

“ನೀವ್ಯಾಕೆ ಬಂದ್ರಿ?”

ಅವಳು ನನ್ನ ಎದುರಿಗೇ ನಿಂತಿದ್ದಳು. ರವಿಕೆಯ ತೋಳು ಎರಡು ಇಂಚು ಸಡಿಲವಾಗಿ ಜೋಲುತ್ತಿತ್ತು. ತುಟಿ ಒಡೆದಿತ್ತು. ಕಣ್ಣಿನ ಕೆಳಗೆ ಕಪ್ಪು. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆಲ್ಲ ಮರೆತುಹೋಯಿತು.

“ಕುಡಿಯಾಕ ನೀರು ಕೊಡು,” ಎಂದೆ. ನಿಜವಾಗಿಯೂ ಗಂಟಲು ಒಣಗಿತ್ತು.

ಹೆಗಲ ಚೀಲದಿಂದ ಬಾಟಲಿ ತೆಗೆದುಕೊಟ್ಟಳು. ಮುಚ್ಚಳ ತಿರುಗಿಸಿದೆ. ಕತ್ತಿನವರೆಗೂ ನೀರಿತ್ತು.

“ಈಗ ತುಂಬಿಸಿದ್ದಾ?”

“ಇಲ್ಲ, ಬೆಳಿಗ್ಗೆ ರೂಮಲ್ಲಿ.”

“ಮತ್ತ ಹಗಲೆಲ್ಲ ಏನು ಕುಡಿದಿ?”

ಅವಳು ಆ ಕಡೆ ಈ ಕಡೆ ನೋಡಿದಳು. “ಕುಡಿದ್ರೆ ಏಳ್ಬೇಕಲ್ಲ ಕಣ್ರೀ. ಒಂದ್ಸಲ ಎದ್ದೋಗಿ ಬರೋ ಹೊತ್ಗೆ ಪೀಸು ಗುಡ್ಡೆ ಬಿದ್ದಿರ್ತವೆ, ಲೈನೆಲ್ಲ ನಿಲ್ತದೆ. ಸೂಪರ್‌ವೈಸರ್ ಎಲ್ರ ಮುಂದೆ ಕೂಗಾಡ್ತಾನೆ. ಅದಕ್ಕೆ ಯಾರೂ ಕುಡಿಯಾಕಿಲ್ಲ. ನಾನೊಬ್ಳೇ ಅಲ್ಲ.”

“ಎಷ್ಟು ದಿನದಿಂದ?”

“ಯುಗಾದಿ ಆದ್ಮೇಲೆ ಈ ಲೈನಿಗೆ ಹಾಕಿದ್ರು. ಆವಾಗ್ಲಿಂದ.” ದನಿ ತಗ್ಗಿಸಿ ಹೇಳಿದಳು, “ಒಂದಕ್ಕೆ ಹೋದ್ರೆ ಉರಿ. ಎರಡು ಸಲ ತಲೆ ತಿರುಗಿ ಮಿಷಿನ್ ಮೇಲೇ ಬಿದ್ದೆ.”

“ನನಗ ಯಾಕ ಹೇಳ್ಲಿಲ್ಲ?”

“ನೀವು ಊಟ ಆತಾ ಅಂತ ಕೇಳಿದ್ರಿ. ಆಗಿರ್ತಿತ್ತು.”

ರಸ್ತೆಯ ಬದಿಯಲ್ಲಿ ನಿಂತು ನಾನು ಕೂಗಾಡಿದೆ. ಕಾರ್ಖಾನೆಗೆ ಬೈದೆ, ಸೂಪರ್‌ವೈಸರಿಗೆ ಬೈದೆ, ಅವಳಿಗೂ ಬೈದೆ. ಹೋಗುವವರೆಲ್ಲ ತಿರುಗಿ ನೋಡಿದರು. ಬೈದು ಮುಗಿದ ಮೇಲೆ ಅಳು ಬಂತು. ಅವಳು ನನ್ನ ತೋಳು ಹಿಡಿದು ಕಾಂಪೌಂಡಿನ ಪಕ್ಕದ ಹೊಂಗೆಯ ಮರದ ಕೆಳಗೆ ಕರೆದುಕೊಂಡು ಹೋದಳು.

“ಗಿಡ ಒಣಗೈತಿ,” ಎಂದೆ.

“ಗೊತ್ತು. ಮೊನ್ನೆ ನೀವು ಏನಿಲ್ಲ ಅಂದಾಗ್ಲೇ ಗೊತ್ತಾಯ್ತು.”

“ಆದ್ರೂ ನೀ ಬಾ.”

“ಅಯ್ಯೋ, ಗಿಡದ್ದು ತಮಾಸೆಗೆ ಅಂದಿದ್ದು ಕಣ್ರೀ.”

“ನಾ ತಮಾಷಿ ಅಂತ ತಿಳಿದಿರಲಿಲ್ಲ.”

ಅವಳು ಗೇಟಿನ ಕಡೆ ನೋಡಿದಳು. “ಈ ತಿಂಗಳು ಮುಗಿಸ್ಕಂಡು ಬರ್ತೀನಿ,” ಎಂದಳು.

“ಇವತ್ತೇ ಬಾ.”

“ಲೆಕ್ಕ ಚುಕ್ತಾ ಮಾಡ್ದೆ ಎಂಗೆ ಬರ್ಲಿ? ತಿಂಗಳು ಅಂದ್ರೆ ತಿಂಗಳು. ದಸರಾಗಿಂತ ಮೊದ್ಲೇ ಆಯ್ತಲ್ಲ.”

ಬಾಟಲಿ ಇನ್ನೂ ನನ್ನ ಕೈಯಲ್ಲೇ ಇತ್ತು. ನನ್ನ ಬಾಯಾರಿಕೆ ಎಲ್ಲೋ ಹೋಗಿತ್ತು. ಅದನ್ನು ಅವಳ ಕೈಗೆ ಕೊಟ್ಟೆ. ಎರಡು ಗುಟುಕು ಕುಡಿದು, ಸಾಕೆಂದು ಬಾಯಿ ಒರೆಸಿಕೊಂಡು, ರಾಯದುರ್ಗದ ಪಡಸಾಲೆಯಲ್ಲಿ ಇಷ್ಟು ವರ್ಷ ಮಾಡಿದ ಅಭ್ಯಾಸಬಲದಿಂದ ಉಳಿದದ್ದನ್ನು ಹೊಂಗೆಯ ಬುಡಕ್ಕೆ ಬಗ್ಗಿಸಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದೆ.

“ಕುಡಿ,” ಎಂದೆ.

ಅವಳು ಕುಡಿಯತೊಡಗಿದಳು. ನಾನು ಅವಳ ಮುಖ ನೋಡಲಿಲ್ಲ, ಬಾಟಲಿಯೊಳಗಿನ ನೀರು ನೋಡುತ್ತಾ ನಿಂತೆ. ಅದು ಇಳಿಯುತ್ತಾ ಬಂತು. ಅರ್ಧಕ್ಕೆ ಬಂದಾಗ ಅವಳು ಉಸಿರಿಗೆಂದು ನಿಲ್ಲಿಸಿದಳು. ನಾನು ಕೈ ಬಿಡಲಿಲ್ಲ. ಮತ್ತೆ ಕುಡಿದಳು. ಆ ಸಂಜೆ ಹೊಂಗೆಯ ಬುಡಕ್ಕೆ ಹಾಕಲು ಒಂದು ಹನಿಯೂ ಉಳಿಯಲಿಲ್ಲ.